ತೊಟ್ಟಿಕ್ಕುವ ನಲ್ಲಿಗೊಂದು ಕುಂಕುಮ

ಫ್ರೀಮಾಂಟ್

ಅಕ್ಕನ ಹೊಸ ಮನೆಯ ಹೊಸ್ತಿಲನ್ನು ಮೊದಲು ದಾಟಿದ್ದು ಅಕ್ಕನೂ ಅಲ್ಲ, ಭಾವನೂ ಅಲ್ಲ. ಗೌರಿ ಎಂಬ ಜೆರ್ಸಿ ಹಸು. ೧೯೯೮ರ ನವೆಂಬರಿನಲ್ಲಿ ನಾನು ಹಾಸನದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಹೊತ್ತಿಗೆ ಗೃಹಪ್ರವೇಶ ಮುಗಿದು ಕೆಲವು ವಾರಗಳಾಗಿದ್ದವು. ಆದರೂ ಅಕ್ಕ ನನಗೆ ಮೊದಲು ತೋರಿಸಿದ್ದು ಅಡುಗೆಮನೆಯನ್ನಲ್ಲ, ಬಟ್ಟೆ ಒಗೆಯುವ ಯಂತ್ರವನ್ನಲ್ಲ. ನಡುಮನೆಯ ಕಾರ್ಪೆಟ್ಟಿನ ಮೇಲಿದ್ದ ಒಂದು ತಿಳಿಹಸಿರು ಕಲೆಯನ್ನು.

“ನೋಡೇ ರತ್ನಾ, ಸರಿಯಾಗಿ ದೇವರ ಕೋಣೆ ಎದುರಿಗೇ ಸಗಣಿ ಹಾಕಿದ್ಲು. ಎಷ್ಟು ತೊಳೆದ್ರೂ ಕಲೆ ಹೋಗಲ್ಲ,” ಎಂದಳು, ಹೆಮ್ಮೆಯಿಂದ.

“ಹೋಗೋದೂ ಬೇಡ,” ಎಂದರು ಭಾವ. “ಈ ಮನೇಲಿ ನಮ್ಮೂರಿನ ಥರ ಇರೋದು ಅದೊಂದೇ.”

“ಅದೂ ಅಮೆರಿಕದ್ದೇ ಅಲ್ವಾ ಭಾವ?” ಎಂದೆ. ಅವರು ನಕ್ಕು ಆಫೀಸಿಗೆ ಹೊರಟರು.

ಗೌರಿಯ ಒಡತಿ ಮಾರ್ತಾ. ಲಿವರ್‌ಮೋರ್ ಊರಿನ ಹಿಂದಿನ ಗುಡ್ಡಗಳಲ್ಲಿ ಮೂರು ಹಸು ಕಟ್ಟಿಕೊಂಡು ಒಬ್ಬರೇ ಇರುವ, ಅರವತ್ತು ದಾಟಿದ ಹೆಂಗಸು. ಅವರು ಹಸುವಿಗಿಟ್ಟ ಹೆಸರು ಗೋಲ್ಡಿ. ಕೆಲವು ವರ್ಷಗಳ ಹಿಂದೆ ನಮ್ಮವರೊಬ್ಬರು ಗೃಹಪ್ರವೇಶಕ್ಕೆ ಹಸು ಹುಡುಕುತ್ತಾ ಆ ದಾರಿಯಲ್ಲಿ ಹೋಗಿ, ಬೇಲಿಯಾಚೆ ನಿಂತಿದ್ದ ಇವರನ್ನು ಕೇಳಿದರಂತೆ. ಯಾರೋ ತಮಾಷೆ ಮಾಡುತ್ತಿದ್ದಾರೆಂದುಕೊಂಡೇ ಮಾರ್ತಾ ಒಪ್ಪಿದ್ದು. ಕತ್ತಲಿರುವಾಗಲೇ ಹಸುವನ್ನು ಟ್ರೇಲರಿಗೆ ಹತ್ತಿಸಿಕೊಂಡು ಬಂದರು. ಹಸು ಆ ಮನೆಯ ಹೊಸ ಕಾರ್ಪೆಟ್ಟಿನ ಮೇಲೆ ಸಗಣಿ ಹಾಕಿದಾಗ “ಸಾರಿ, ಸಾರಿ” ಎನ್ನುತ್ತಾ ಸಲಿಕೆ ಹಿಡಿದು ಓಡಿಬಂದರು. ನೋಡಿದರೆ ಪುರೋಹಿತರು ಅಡ್ಡ ನಿಂತಿದ್ದಾರೆ, ಮನೆಯವರೆಲ್ಲ ಕೈ ಮುಗಿಯುತ್ತಿದ್ದಾರೆ.

“ನನ್ನ ಹಸುವಿಗೆ ಸರಿಯಾದ ಜನ ಇವರೇ ಅಂತ ಆವತ್ತೇ ಗೊತ್ತಾಯಿತು,” ಎಂದು ಮಾರ್ತಾ ಆಮೇಲೆ ನನಗೆ ಹೇಳಿದರು.

ಆಗ ಎಲ್ಲರೂ ಮನೆ ಕೊಳ್ಳುತ್ತಿದ್ದ ಕಾಲ. ಮೌಂಟನ್ ವ್ಯೂನಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಫ್ರೀಮಾಂಟಿನ ಕಡೆ ಬಂದರು. ಅವರೆಲ್ಲರ ಮನೆಗೂ ಗೌರಿಯೇ ಮೊದಲು ನಡೆದಳು. ಅಕ್ಕನ ಗೃಹಪ್ರವೇಶದ ದಿನ ಜೋರು ಮಳೆಯಂತೆ. ಟ್ರೇಲರಿನ ಗಾಲಿ ಎರಡು ಬೀದಿ ಆಚೆ ಪಂಕ್ಚರ್ ಆಯಿತು. ಮುಹೂರ್ತ ಮೀರಬಾರದೆಂದು ಮಾರ್ತಾ ಹಸುವನ್ನು ಇಳಿಸಿ, ತಾವು ನೆನೆದುಕೊಂಡು, ಅದರ ತಲೆಯ ಮೇಲೆ ಕೊಡೆ ಹಿಡಿದು ನಡೆಸಿಕೊಂಡು ಬಂದರು. ಭಾವ ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನೆದುರೇ ಆರು ಸಲ ಹೇಳಿದ್ದನ್ನು ದಿನಚರಿಯಲ್ಲಿ ಗೀಟು ಹಾಕಿ ಇಟ್ಟಿದ್ದೇನೆ.

ಅಂಥ ಮಾರ್ತಾ ಡಿಸೆಂಬರಿನಲ್ಲಿ ಫೋನ್ ಮಾಡಿ ಒಂದು ಸಹಾಯ ಕೇಳಿದರು. ಸ್ಯಾಕ್ರಮೆಂಟೋದಲ್ಲಿರುವ ಅವರ ಮಗಳಿಗೆ ದಿನ ತುಂಬಿತ್ತು. ಮೊದಲ ಹೆರಿಗೆಗೆ ಅವರಿಗೆ ಹೋಗಲಾಗಿರಲಿಲ್ಲ. ಹಸು ನೋಡಿಕೊಳ್ಳುವವರು ಸಿಗದೆ ಮೊಮ್ಮಗನ ಮುಖ ನೋಡಿದ್ದು ಅವನಿಗೆ ಹಲ್ಲು ಬಂದ ಮೇಲೆ. ಈ ಸಲ ಒಪ್ಪಿಕೊಂಡಿದ್ದ ಪಕ್ಕದ ಗುಡ್ಡದವನು ಜ್ವರ ಬಂದು ಮಲಗಿದ್ದ.

“ಯೋಚನೆ ಬೇಡ,” ಎಂದುಬಿಟ್ಟರು ಭಾವ. “ನಮ್ಮ ನಾದಿನಿ ಬಂದಿದ್ದಾಳೆ. ಇಂಡಿಯಾದಲ್ಲಿ ಡೇರಿಯಲ್ಲೇ ಕೆಲಸ.”

ನಾನು ಕೆಲಸ ಮಾಡುವುದು ಹಾಲಿನ ಚಿಲ್ಲಿಂಗ್ ಸೆಂಟರಿನ ಲ್ಯಾಬಿನಲ್ಲಿ. ಹಾಲು ಕ್ಯಾನಿನಲ್ಲಿ ಬರುತ್ತದೆ, ನಾನು ಕೊಬ್ಬು ಅಳೆದು ಬರೆಯುತ್ತೇನೆ, ಟ್ಯಾಂಕಿನ ತಂಪು ನೋಡಿ ಬರೆಯುತ್ತೇನೆ. ಹಸುವಿನ ಹತ್ತಿರ ಹೋಗಿದ್ದೆಲ್ಲ ಅಜ್ಜಿಯ ಕಾಲದಲ್ಲಿ. ಅದನ್ನು ಹೇಳುವಷ್ಟರಲ್ಲಿ ಭಾವ ಫೋನ್ ಇಟ್ಟಾಗಿತ್ತು.

ಶನಿವಾರ, ಡಿಸೆಂಬರ್ ೧೯: ಗುಡ್ಡದ ಮೇಲೆ

ನಮ್ಮಲ್ಲಿ ಚಳಿಗಾಲವೆಂದರೆ ಹುಲ್ಲು ಒಣಗುವ ಕಾಲ. ಅಲ್ಲಿ ಬೇಸಿಗೆಯಲ್ಲಿ ಒಣಗಿ ಬಿದ್ದ ಗುಡ್ಡಗಳು ಚಳಿಗಾಲದ ಮಳೆಗೆ ಹಸಿರಾಗುತ್ತವೆ. ಫ್ರೀವೇ ಬಿಟ್ಟು ಏರುದಾರಿ ಹಿಡಿದ ಮೇಲೆ ಎರಡೂ ಕಡೆ ಎಳೆ ಹುಲ್ಲು, ನಡುನಡುವೆ ಓಕ್ ಮರ. ಕಾರಿನ ರೇಡಿಯೋದಲ್ಲಿ ಒಬ್ಬ ಕಿತ್ತಳೆ ತೋಟದವರಿಗೆ ಎಚ್ಚರಿಕೆ ಹೇಳುತ್ತಿದ್ದ: ಉತ್ತರದಿಂದ ಭಾರೀ ಚಳಿ ಇಳಿಯುತ್ತಿದೆ.

“ಕ್ಯಾಲಿಫೋರ್ನಿಯಾದಲ್ಲಿ ಏನ್ ಚಳಿ ಬಿಡು,” ಎಂದಳು ಅಕ್ಕ. “ಇಲ್ಲಿಯವರಿಗೆ ಮೋಡ ಕಂಡರೂ ನ್ಯೂಸು.”

ಮಾರ್ತಾ ಗೇಟಿನಲ್ಲೇ ಕಾದಿದ್ದರು. ಪೆಟ್ಟಿಗೆ ಕಟ್ಟಿ ಕಾರಿನಲ್ಲಿ ಇಟ್ಟಾಗಿತ್ತು. ಆದರೂ ಹೊರಡಲು ಮನಸ್ಸಿಲ್ಲ. ಗೌರಿಯೂ ತುಂಬಿದ ಬಸುರಿ, ಕರು ಹಾಕಲು ಒಂದು ತಿಂಗಳಿತ್ತು. “ಇಬ್ಬರು ಹೆಣ್ಣುಮಕ್ಕಳು. ಒಬ್ಬಳ ಹತ್ತಿರ ಹೋಗಲು ಇನ್ನೊಬ್ಬಳನ್ನು ಬಿಡಬೇಕು,” ಎಂದರು.

ಅಕ್ಕ ಅಡುಗೆಮನೆಯಲ್ಲಿ ಬುತ್ತಿ ಬಿಚ್ಚುತ್ತಿದ್ದಾಗ ಮಾರ್ತಾ ನನಗೂ ಭಾವನಿಗೂ ಎಲ್ಲ ತೋರಿಸಿದರು. ಹುಲ್ಲಿನ ಅಟ್ಟಣಿಗೆ, ಹಿಂಡಿಯ ಡಬ್ಬ, ಕೊಟ್ಟಿಗೆಯ ಅಗುಳಿ. ಕೊನೆಗೆ ನೀರಿನ ತೊಟ್ಟಿ. ನಮ್ಮಲ್ಲಿ ಕಲ್ಲಿನ ಬಾನಿ ಇರುವ ಜಾಗದಲ್ಲಿ ಅಲ್ಲಿ ಒಂದು ಹಳೆಯ ಸ್ನಾನದ ತೊಟ್ಟಿ! ಯಾವುದೋ ಕಾಲದ ದೊಡ್ಡಮನೆಯಿಂದ ಬಂದದ್ದು, ಎರಕದ ಕಬ್ಬಿಣದ್ದು, ಸಿಂಹದ ಪಂಜದಂಥ ನಾಲ್ಕು ಕಾಲು, ತಳದಲ್ಲಿ ಸರಪಣಿ ಕಟ್ಟಿದ ಬೆಣೆ. ಬಯಲಿನ ನಡುವೆ ಹಸುಗಳು ಅದರಲ್ಲಿ ಮೂತಿ ಇಟ್ಟು ಕುಡಿಯುತ್ತಿದ್ದವು. ಮೇಲಿನ ಗುಡ್ಡದ ಒರತೆಯಿಂದ ಒಂದು ಕಪ್ಪು ಪೈಪು ನೆಲದ ಮೇಲೇ ಹರಿದು ಬಂದು, ಕವಲೊಡೆದು, ಒಂದು ಮನೆಗೂ ಇನ್ನೊಂದು ಈ ತೊಟ್ಟಿಯ ನಲ್ಲಿಗೂ ಸೇರಿತ್ತು.

ನಲ್ಲಿ ಸಣ್ಣ ಎಳೆಯಾಗಿ ಸುರಿಯುತ್ತಲೇ ಇತ್ತು. “ಇದು ಹೀಗೇ ಇರಲಿ,” ಎಂದರು ಮಾರ್ತಾ. ವಾಷರ್ ಹೋಗಿರಬೇಕು, ಪಾಪ, ಸಂಕೋಚಪಡುತ್ತಿದ್ದಾರೆ ಎಂದುಕೊಂಡೆ. ಪಕ್ಕದ ಕಂಬಕ್ಕೆ ಒಂದು ಸುತ್ತಿಗೆ ನೇತು ಹಾಕಿತ್ತು. ಬೇಲಿಯ ಕೆಲಸಕ್ಕಿರಬೇಕು ಎಂದುಕೊಂಡೆ. ಅವರು ವಿವರಿಸಲಿಲ್ಲ. ಹಾಲು ಉಕ್ಕಿದರೆ ಒಲೆ ಆರಿಸಬೇಕು ಎಂದು ನಾವು ಯಾರಿಗಾದರೂ ವಿವರಿಸುತ್ತೇವೆಯೇ?

“ಏನೇ ತೊಂದರೆಯಾದರೂ ಫೋನ್ ಮಾಡಿ. ತಕ್ಷಣ ಹೊರಟು ಬರುತ್ತೇನೆ,” ಎಂದು ಮೂರು ಸಲ ಹೇಳಿ ಮಾರ್ತಾ ಕಾರು ಹತ್ತಿದರು. ಹತ್ತುವ ಮೊದಲು ಗೌರಿಯ ಹಣೆ ಸವರಿ “ಥ್ಯಾಂಕ್ ಯೂ” ಎಂದರು. ಹಾಲು ಕೊಟ್ಟರೆ ಥ್ಯಾಂಕ್ ಯೂ, ಟ್ರೇಲರಿನಿಂದ ಇಳಿದರೆ ಥ್ಯಾಂಕ್ ಯೂ, ಸುಮ್ಮನೆ ಪಕ್ಕಕ್ಕೆ ಸರಿದರೂ ಥ್ಯಾಂಕ್ ಯೂ. ಆ ದೇಶದಲ್ಲಿ ಅಂಗಡಿಯವರು, ಬಸ್ಸಿನವರು ಹೇಳುವ ಥ್ಯಾಂಕ್ ಯೂಗಳನ್ನು ಮೊದಲ ವಾರ ಎಣಿಸಲು ಹೋಗಿ ಸೋತಿದ್ದೆ. ಹಸುವಿಗೆ ಹೇಳಿದ್ದನ್ನು ಕೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಯಾರಾದರೂ ಹಾಗೆಂದರೆ “ಏನಾಯ್ತು ಇವಳಿಗೆ, ಹೊರಗಿನವರ ಥರ ಮಾತಾಡ್ತಾಳೆ” ಎಂದುಕೊಳ್ಳುತ್ತಾರೆ.

ಸಂಜೆ ತೊಟ್ಟಿಯ ಒಳಗೆ ಪಾಚಿ ಕಂಡಿತು. ರಾತ್ರಿ ಉಳಿದ ನೀರನ್ನು ಹಸುವಿಗೆ ಇಡಬಾರದು, ಬಾನಿಯನ್ನು ಸಂಜೆಯೇ ಉಜ್ಜಿ ಇಡಬೇಕು ಎನ್ನುವುದು ಅಜ್ಜಿಯ ಕಟ್ಟಳೆ. ಬೆಣೆ ಎಳೆದೆ. ನೀರೆಲ್ಲ ಹರಿದುಹೋಯಿತು. ಹುಲ್ಲಿನ ಸಿಂಬಿಯಿಂದ ಥಳಥಳ ಎನ್ನುವಂತೆ ಉಜ್ಜಿ, ಬೆಣೆ ಹಾಕಿ, ನಲ್ಲಿಯನ್ನು ಇದ್ದ ಹಾಗೇ ಬಿಟ್ಟೆ. ಬೆಳಗಾಗುವಷ್ಟರಲ್ಲಿ ತುಂಬಿಕೊಳ್ಳುತ್ತದೆ ಎನ್ನುವುದು ನನ್ನ ಲೆಕ್ಕ.

ಊಟವಾದ ಮೇಲೆ ಅಕ್ಕ ಗೌರಿಗೊಂದು ಬೆಲ್ಲದ ಚೂರು ಕೊಡಲು ಹೊರಗೆ ಹೋದಳು. ಮದುವೆಯಾದ ಹೊಸದರಲ್ಲಿ ಅವಳು ಬೆಂಗಳೂರಿನಲ್ಲಿ ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿದ್ದವಳು. ಸುರಿಯುವ ನಲ್ಲಿಯ ಸದ್ದು ಕೇಳಿದರೆ ನಿದ್ದೆಯಲ್ಲೂ ಎದ್ದು ಕೂರುತ್ತಾಳೆ. ಕತ್ತಲಲ್ಲಿ ಆ ಸದ್ದು ಕೇಳಿಸಿತು. ಹೋಗಿ, ಎರಡೂ ಕೈಯಿಂದ ಬಲ ಹಾಕಿ, ಒಂದು ಹನಿಯೂ ಬೀಳದ ಹಾಗೆ ತಿರುಗಿಸಿ ಬಂದು ಮಲಗಿದಳು. ನನಗದು ತಿಳಿದದ್ದು ಬೆಳಿಗ್ಗೆ.

ಭಾನುವಾರ ಬೆಳಿಗ್ಗೆ

ಹುಲ್ಲೆಲ್ಲ ಬೆಳ್ಳಗಾಗಿತ್ತು. ಹಿಮ ಬಿದ್ದದ್ದಲ್ಲ, ಇಬ್ಬನಿಯೇ ಗಟ್ಟಿಯಾದದ್ದು. ಕಾಲಿಟ್ಟರೆ ಕರಕರ ಎನ್ನುತ್ತಿತ್ತು. ಮೂರು ಹಸುಗಳೂ ತೊಟ್ಟಿಯ ಸುತ್ತ ನಿಂತಿದ್ದವು. ತಳದಲ್ಲಿ ಅಂಗೈ ಅಗಲದಷ್ಟು ಆಳದ ನೀರು ಪೂರ್ತಿ ಕಲ್ಲಾಗಿತ್ತು. ಗೌರಿ ಅದನ್ನು ನೆಕ್ಕುತ್ತಿದ್ದಳು. ನೆಕ್ಕಿ, ತಲೆಯೆತ್ತಿ, ನನ್ನ ಕಡೆ ನೋಡಿದಳು.

ನಲ್ಲಿ ತಿರುಗಿಸಿದೆ. ಏನೂ ಬರಲಿಲ್ಲ. ಒಳಗೆ ಓಡಿ ಅಡುಗೆಮನೆಯ ನಲ್ಲಿ ತಿರುಗಿಸಿದೆ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು.

“ರಾತ್ರಿ ನಾನೇ ಬಿಗಿಯಾಗಿ ನಿಲ್ಲಿಸಿದ್ನಲ್ಲ,” ಎಂದಳು ಅಕ್ಕ, ಶಾಲು ಹೊದ್ದು ಬಂದು. “ಒಂದ್ ತೊಟ್ಟೂ ಸೋರ್ತಿರ್ಲಿಲ್ಲ.”

ಆಗ ನನಗೆ ಹೊಳೆಯಿತು. ನಮ್ಮ ಸೆಂಟರಿನಲ್ಲಿ ಹಾಲು ತಂಪು ಮಾಡುವ ನೀರಿನ ತೊಟ್ಟಿಯೊಳಗೆ ಒಂದು ರೆಕ್ಕೆ ಸದಾ ತಿರುಗುತ್ತಿರುತ್ತದೆ. ಅದು ನಿಂತರೆ ನೀರೆಲ್ಲ ಗಡ್ಡೆ ಕಟ್ಟುತ್ತದೆ, ಆಪರೇಟರ್ ಬೈಸಿಕೊಳ್ಳುತ್ತಾನೆ. ಓಡುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ತುಂಬಿದ ತೊಟ್ಟಿಯೂ ಅಷ್ಟು ಬೇಗ ತಳದವರೆಗೆ ಕಲ್ಲಾಗುವುದಿಲ್ಲ. ಮಾರ್ತಾ ವಾಷರಿಗಾಗಿ ಸಂಕೋಚಪಟ್ಟಿರಲಿಲ್ಲ. ಆ ಎಳೆಯೇ ಅವರ ಕಾವಲು. ನಾನು ತೊಟ್ಟಿ ಬರಿದು ಮಾಡಿದ್ದೆ, ಅಕ್ಕ ಎಳೆ ಕಡಿದಿದ್ದಳು. ಇಬ್ಬರೂ ಒಳ್ಳೆಯ ಮನೆಯ ಹೆಣ್ಣುಮಕ್ಕಳು ಮಾಡಬೇಕಾದದ್ದನ್ನೇ ಮಾಡಿದ್ದೆವು.

ಭಾವ ಸುತ್ತಿಗೆ ತೆಗೆದು ತಳದ ಕಲ್ಲನ್ನು ಒಡೆದರು. ಕೆಳಗೆ ನೀರಿರಲಿಲ್ಲ. ಮನೆಯಲ್ಲಿದ್ದದ್ದು ಕೆಟಲಿನ ನೀರು ಮತ್ತು ಫ್ರಿಜ್ಜಿನಲ್ಲಿದ್ದ ಒಂದು ಜಗ್ಗು. ಗೌರಿ ಅದನ್ನು ಒಂದೇ ಗುಟುಕಿಗೆ ಎಳೆದು ಬಕೆಟ್ಟಿನ ತಳ ನೆಕ್ಕಿದಳು.

“ಬಸುರಿ ಹಸು ಕಣ್ರೀ,” ಎಂದಳು ಅಕ್ಕ. “ಮಾರ್ತಾಗೆ ಫೋನ್ ಮಾಡ್ಬಿಡಣ.”

“ಮಾಡಿದ್ರೆ ಅವರು ಹೊರಟುಬಿಡ್ತಾರೆ,” ಎಂದರು ಭಾವ. “ಈ ಮೊಮ್ಮಗು ಹುಟ್ಟುವಾಗಲೂ ಅವರು ರಸ್ತೆ ಮೇಲಿರ್ತಾರೆ.”

“ಮಾಡದೆ ಗೌರಿಗೆ ಏನಾದ್ರೂ ಆದ್ರೆ?”

ಭಾವ ಫೋನಿನ ಹತ್ತಿರ ಹೋದರು. ಪಕ್ಕದ ಗುಡ್ಡದವನ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಕ್ಕ ಅವರ ಕೈಯಿಂದ ಫೋನು ತೆಗೆದುಕೊಂಡು, ತನಗೆ ಬಾಯಿಪಾಠವಾಗಿದ್ದ ಒಂದೇ ನಂಬರು ಒತ್ತಿದಳು. ಅದು ಅವಳ ಗೆಳತಿ ಸುಜಾತಾಳದು. ಧಾರವಾಡದವರು, ಅವರ ಮನೆಯ ಗೃಹಪ್ರವೇಶವೂ ಗೌರಿಯಿಂದಲೇ ಆದದ್ದು.

“ಸುಜಾತಾ, ನಾನು ಕಣೇ. ನಮ್ಮ ಗೌರಿಗೆ ಕುಡಿಯಕ್ಕೆ ನೀರಿಲ್ಲ… ಹೂಂ, ಹಸು ಗೌರಿ… ಕ್ಯಾನಲ್ಲಿ, ಕುಕ್ಕರಲ್ಲಿ, ಯಾವುದ್ರಲ್ಲಾದ್ರೂ ತಗೊಂಡ್ಬಾ. ಯಾರ್ಯಾರ ಮನೆಗೆ ಅವಳು ಹೋಗಿದ್ಲೋ ಅವರಿಗೆಲ್ಲ ಹೇಳು.”

ಭಾನುವಾರ ಮಧ್ಯಾಹ್ನ

ಮೊದಲು ಬಂದದ್ದು ಸುಜಾತಾಳ ವ್ಯಾನು. ಹಿಂದೆ ಮೂರು ಕಾರು. ಹಿಂದಿನ ಡಿಕ್ಕಿಗಳು ತೆರೆದಾಗ ಮದುವೆಮನೆಯ ಉಗ್ರಾಣ ತೆರೆದ ಹಾಗಾಯಿತು: ಅಂಗಡಿಯ ಕುಡಿಯುವ ನೀರಿನ ದೊಡ್ಡ ಕ್ಯಾನುಗಳು, ಮುಚ್ಚಳ ಬಿಗಿದ ಪ್ರೆಶರ್ ಕುಕ್ಕರುಗಳು, ಯುಗಾದಿ ಊಟಕ್ಕೆ ಸಾರು ಮಾಡುವ ಪಾತ್ರೆ. ಸುಜಾತಾ ತಂದ ಸ್ಟೀಲಿನ ಕೊಳಗದ ಮೇಲೆ ಅವಳ ಸೋದರಮಾವನ ಹೆಸರು, ಮದುವೆಯ ತಾರೀಖು ಕೊರೆದಿತ್ತು. ಗೌರಿ ಮೂತಿ ಹಾಕಿದ್ದು ಅದಕ್ಕೇ. ಗಂಟಲು ಏರಿಳಿಯುವುದು ಕಾಣುತ್ತಿತ್ತು. ಕೊಳಗ ಖಾಲಿಯಾದ ಮೇಲೆಯೇ ತಲೆ ಎತ್ತಿದಳು.

“ಮಾವ ಈ ಪಾತ್ರೆ ಕೊಟ್ಟಾಗ ಇಷ್ಟು ದೊಡ್ಡದು ಅಮೆರಿಕದಾಗ ಯಾತಕ್ಕ ಅಂದಿದ್ದೆ,” ಎಂದಳು ಸುಜಾತಾ.

ಅವಳ ಗಂಡನ ತಂದೆ ವ್ಯಾನಿನಿಂದ ಕೊನೆಗೆ ಇಳಿದರು. ನಾವೆಲ್ಲ ಅವರನ್ನು ಅಜ್ಜ ಎನ್ನುತ್ತಿದ್ದೆವು. ಮಂಗನ ಟೋಪಿ, ಅದರ ಮೇಲೆ ಮಫ್ಲರು, ಎರಡು ಸ್ವೆಟರು. ನಿವೃತ್ತ ಪೋಸ್ಟ್‌ಮಾಸ್ಟರು, ಎಲ್ಲದಕ್ಕೂ ಒಂದು ಅಭಿಪ್ರಾಯ ಇರುವವರು. ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಎಪ್ಪಾ, ಆಕಳಿಗೆ ಜಳಕದ ತೊಟ್ಟಿ! ಸೋಪೂ ಇಡ್ತಾರೇನ?”

ಅಷ್ಟರಲ್ಲಿ ಒಳಗೆ ಫೋನು ಬಡಿಯಿತು. ಮಾರ್ತಾ. ಅಕ್ಕನೇ ಎತ್ತಿಕೊಂಡಳು, ನಾನು ಪಕ್ಕದಲ್ಲಿ ಕಿವಿಯಿಟ್ಟು ನಿಂತೆ. ಮಗಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಇನ್ನೂ ಹೊತ್ತಿದೆ ಎಂದರು. ಆಮೇಲೆ ಕೇಳಿದರು: “ರಾತ್ರಿ ಚಳಿ ಬಿತ್ತಲ್ಲ. ನಲ್ಲಿ ಸುರಿಯುತ್ತಿದೆಯಾ?”

ಬಾಗಿಲಲ್ಲಿ ನಿಂತಿದ್ದ ಭಾವ “ಹೂಂ ಅನ್ನು” ಎಂದು ಸನ್ನೆ ಮಾಡಿದರು. ಅಕ್ಕ ಅವರ ಕಡೆ ಬೆನ್ನು ತಿರುಗಿಸಿದಳು.

“ಇಲ್ಲ. ನಾನು ಅದನ್ನ ನಿಲ್ಲಿಸಿಬಿಟ್ಟೆ. ಪೈಪು ಹೆಪ್ಪುಗಟ್ಟಿದೆ.”

“ಗೋಲ್ಡಿ ಕುಡಿದಳಾ?”

“ಒಂದು ಕೊಳಗ ಪೂರ್ತಿ ಕುಡಿದಳು. ಈಗ ಇನ್ನೊಂದಕ್ಕೆ ಬಾಯಿ ಹಾಕಿದ್ದಾಳೆ.”

“ನೀರು ಎಲ್ಲಿಂದ ಬಂತು?”

“ಫ್ರೀಮಾಂಟಿಂದ. ಅವಳು ಹೆಜ್ಜೆಯಿಟ್ಟ ಮನೆಗಳವರು ತಂದರು. ಎಲ್ಲರೂ ಇಲ್ಲೇ ಇದ್ದಾರೆ.”

ಹಿನ್ನೆಲೆಯಲ್ಲಿ ಆಸ್ಪತ್ರೆಯ ಗಂಟೆಯೊಂದು ಟಿಣ್ ಎಂದಿತು. ಮಾರ್ತಾ ಹೇಳಿದರು: ಇವತ್ತು ರಾತ್ರಿ ಇನ್ನೂ ಚಳಿ ಇದೆ. ಕತ್ತಲಾಗುವುದರೊಳಗೆ ತೊಟ್ಟಿ ತುಂಬಿ ನಲ್ಲಿ ಸುರಿದರೆ ನಾನು ಇಲ್ಲೇ ಇರುತ್ತೇನೆ. ಇಲ್ಲದಿದ್ದರೆ ಹೊರಡುತ್ತೇನೆ. ಏನಾಯಿತೆಂದು ಫೋನ್ ಮಾಡಿ.

ಅಕ್ಕ ಹೊರಗೆ ಬಂದು ಅದನ್ನೇ ಎಲ್ಲರಿಗೂ ಹೇಳಿದಳು. ಡಿಸೆಂಬರಿನಲ್ಲಿ ಅಲ್ಲಿ ಐದು ಗಂಟೆಗೇ ಕತ್ತಲು.

ಬಂದವರೆಲ್ಲ ಇಂಜಿನಿಯರುಗಳು. ಮೆನ್ಲೋ ಪಾರ್ಕಿನಲ್ಲಿ ಕೆಲಸ ಮಾಡುವ, ಮಂಡ್ಯ ಕಡೆಯ ಗೌಡರೊಬ್ಬರು ಪೈಪಿನ ಗುಂಟ ಮೇಲೆ ಹತ್ತಿ, ಅಲ್ಲಲ್ಲಿ ಬಗ್ಗಿಸಿ ನೋಡುತ್ತಾ ಹೋದರು. ಬಿಸಿಲು ಬಿದ್ದ ಕಡೆ ಪೈಪು ಮೆತ್ತಗಿತ್ತು. ಕೆಳಗಿನ ಕೊರಕಲಿನ ನೆರಳಿನಲ್ಲಿ, ಇಪ್ಪತ್ತು ಮಾರಿನಷ್ಟು ಉದ್ದ, ಕಬ್ಬಿನ ಜಲ್ಲೆಯ ಹಾಗೆ ಸೆಟೆದಿತ್ತು. “ಇಲ್ಲೇ ಕಚ್ಕೊಂಡಿರೋದು,” ಎಂದು ಕೂಗಿದರು. “ಬಿಸಿನೀರು ಬಟ್ಟೆ ಸುತ್ತಬೇಕು. ಬೇಜಾನ್ ಬಿಸಿನೀರು ಬೇಕು.”

ಮನೆಯ ಒಲೆಯಿಂದ ಕೊರಕಲಿಗೆ ಒಂದೊಂದೇ ಪಾತ್ರೆ ಹೊತ್ತೊಯ್ಯುವಷ್ಟರಲ್ಲಿ ಅದು ಉಗುರುಬೆಚ್ಚಗೂ ಉಳಿಯುತ್ತಿರಲಿಲ್ಲ. ಎರಡು ಸಲ ನೋಡಿ ಅಜ್ಜ ಕೋಲು ನೆಲಕ್ಕೆ ಕುಟ್ಟಿದರು.

“ಏನ್ ಮಕ್ಕಳ್ರೋ ನೀವು, ಇಷ್ಟೆಲ್ಲ ಕಲ್ತು! ತೊಟ್ಟಿಗೆ ನಾಕ್ ಕಾಲದಾವ. ಕೆಳಗ ಜಾಗಾ ಐತಿ. ಕಬ್ಬಿಣದ್ದೈತಿ. ನಿಮ್ಮನಿಯೊಳಗ ನೀರೊಲಿ ಇದ್ದಿದ್ದಿಲ್ಲೇನು? ಹಂಡೇಕ ಉರಿ ಹಚ್ಚಿದ್ದ ಮರತ್ರೇನು?”

ಕ್ಯಾನುಗಳ ನೀರನ್ನೆಲ್ಲ ತೊಟ್ಟಿಗೆ ಸುರಿದೆವು. ಓಕ್ ಮರದ ಒಣ ಕೊಂಬೆ ಆಯ್ದು ತಂದು ಕೆಳಗೆ ಸಣ್ಣ ಉರಿ ಹಚ್ಚಿದೆವು. ಜೋರು ಉರಿಗೆ ತೊಟ್ಟಿಯ ಬಿಳಿ ಹೊದಿಕೆ ಸಿಡಿದೀತೆಂದು ಭಾವ ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಾಯ್ದರು. ಹೊಗೆ ಎದ್ದಿತು. ಬಚ್ಚಲ ಒಲೆಯ ಅದೇ ವಾಸನೆ. ಯಾರೋ ಸೀಗೆಕಾಯಿ ಇದೆಯಾ ಎಂದರು. ಹಸುಗಳು ದೂರ ನಿಂತು ನಮ್ಮನ್ನೆಲ್ಲ ಅನುಮಾನದಿಂದ ನೋಡಿದವು.

ಬಟ್ಟೆ ಸಾಲದು ಎಂದಾಗ ಗೌಡರು ಕಾರಿನಿಂದ ಒಂದು ಗಂಟು ತಂದರು. ಆ ಕಾಲದಲ್ಲಿ ಅಲ್ಲಿ ದಿನಕ್ಕೊಂದು ಕಂಪನಿ ಹುಟ್ಟುತ್ತಿತ್ತು, ಹುಟ್ಟಿದ ಕಂಪನಿಯೆಲ್ಲ ಟೀ ಶರ್ಟು ಹಂಚುತ್ತಿತ್ತು. ಎಲ್ಲರ ಕಾರಿನಲ್ಲೂ ಅಂಥವು ಬಿದ್ದಿರುತ್ತಿದ್ದವು. ಅವನ್ನು ಬಿಸಿನೀರಿಗೆ ಅದ್ದಿ, ಹಿಂಡಿ, ಓಡಿ, ಪೈಪಿಗೆ ಸುತ್ತಿ, ತಣ್ಣಗಾದದ್ದನ್ನು ಬಿಚ್ಚಿ ಮತ್ತೆ ಓಡಿ. ಬಿಸಿಲು ಗುಡ್ಡದಿಂದ ಗುಡ್ಡಕ್ಕೆ ಸರಿಯುತ್ತಿತ್ತು. ಅಕ್ಕ ನಲ್ಲಿಯ ಮುಂದೆ ನಿಂತಿದ್ದಳು.

ಸೂರ್ಯ ಗುಡ್ಡದ ಅಂಚಿಗೆ ತಾಗುವಾಗ ನಲ್ಲಿಯೊಳಗೆ ಏನೋ ಗೊರಗೊರ ಎಂದಿತು. ಗಾಳಿ ಬಂತು. ಬೆರಳು ಗಾತ್ರದ ಒಂದು ಮಂಜುಗಡ್ಡೆಯ ಕಡ್ಡಿ ಹಾರಿ ತೊಟ್ಟಿಗೆ ಬಿತ್ತು. ಅದರ ಹಿಂದೆಯೇ ನೀರು.

ಅಕ್ಕ ಕೈಯೊಡ್ಡಿ ಆ ನೀರನ್ನು ಕಣ್ಣಿಗೆ ಒತ್ತಿಕೊಂಡಳು.

ಉರಿ ಆರಿಸಿ, ತೊಟ್ಟಿಯನ್ನು ಕಂಠಮಟ್ಟ ತುಂಬಿಸಿದೆವು. ಉರಿಯ ಪಕ್ಕ ಒಣಗಿಸಿದ್ದ ಟೀ ಶರ್ಟುಗಳನ್ನೆಲ್ಲ ಕೊರಕಲಿನ ಪೈಪಿಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಕಿ ಕಟ್ಟಿದೆವು. ತೊಟ್ಟಿಯ ಸುತ್ತ ಹುಲ್ಲಿನ ಹೊರೆ ಒತ್ತರಿಸಿದೆವು. ನಲ್ಲಿಯನ್ನು ಮಾರ್ತಾ ಬಿಟ್ಟಿದ್ದ ಹಾಗೇ ಸಣ್ಣ ಎಳೆಗೆ ಇಳಿಸಿದೆವು.

ಇಲ್ಲಿ ಹೊಸ ತೊಂದರೆ ಶುರುವಾಯಿತು. ನೀರು ಸುರಿಯುತ್ತಲೇ ಇರಬೇಕು ಎಂದು ಎಲ್ಲರಿಗೂ ಹೇಳಿಯಾಗಿತ್ತು. ಎಲ್ಲರೂ ತಲೆಯಾಡಿಸಿದ್ದರು. ಆದರೂ ಗೌಡರು ಕೈ ತೊಳೆದವರು, ತೊಳೆದ ಮೇಲೆ, ಮಾತಾಡುತ್ತಲೇ, ನಲ್ಲಿ ನಿಲ್ಲಿಸಿದರು. ಅಕ್ಕ ಓಡಿಹೋಗಿ ಬಿಟ್ಟಳು. ಸುಜಾತಾ ಕೊಳಗ ತೊಳೆದು ನಿಲ್ಲಿಸಿದಳು. ಭಾವ ನಿಲ್ಲಿಸಿ, ನಾಲಗೆ ಕಚ್ಚಿಕೊಂಡು, ಬಿಟ್ಟರು. ಅಜ್ಜನಂತೂ ಕೋಲಿನ ತುದಿಯಿಂದಲೇ ತಿರುಗಿಸಲು ನೋಡಿದರು. ಏಳು ಕೈ ಆ ನಲ್ಲಿಗೆ ಹೋದದ್ದನ್ನು ನಾನು ಎಣಿಸಿದೆ; ಒಂದು ನನ್ನದೇ.

“ಹೇಳಿದ್ರೆ ನಿಲ್ಲೋ ಕೈಯಲ್ಲ ಇವು,” ಎಂದಳು ಅಕ್ಕ. ಒಳಗೆ ಹೋಗಿ ಬ್ಯಾಗಿನಿಂದ ಕುಂಕುಮದ ಭರಣಿ ತಂದಳು. ನಲ್ಲಿಯ ತಲೆಗೆ ದೊಡ್ಡದೊಂದು ಬೊಟ್ಟು ಇಟ್ಟಳು. ಮಾರ್ತಾರ ಕೈತೋಟದಲ್ಲಿ ನೀಲಿ ಹೂ ಬಿಟ್ಟಿದ್ದ ರೋಸ್‌ಮೇರಿಯ ಒಂದು ಕಡ್ಡಿ ಮುರಿದು ಅದಕ್ಕೆ ಸಿಕ್ಕಿಸಿ ಕೈ ಮುಗಿದಳು.

“ಗಂಗಮ್ಮ. ಈಗ ಯಾರು ತಿರುಗಿಸ್ತೀರೋ ತಿರುಗಿಸಿ ನೋಡಣ.”

ಅಜ್ಜ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಒಂದು ಕೈಯೂ ಅದರ ಕಡೆ ಹೋಗಲಿಲ್ಲ.

ಅಕ್ಕ ಫೋನು ಮಾಡಿದಾಗ ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. “ಸುರಿಯುತ್ತಿದೆ,” ಎಂದಷ್ಟೇ ಹೇಳಿದಳು.

“ಹಾಗಾದರೆ ನಾನು ಇಲ್ಲೇ ಇರುತ್ತೇನೆ,” ಎಂದರು ಮಾರ್ತಾ.

ಸೋಮವಾರ

ತೊಟ್ಟಿಯ ಮೇಲ್ಗಡೆ ಹಪ್ಪಳದಷ್ಟು ತೆಳ್ಳಗೆ ಪದರ ಕಟ್ಟಿತ್ತು; ನಲ್ಲಿಯ ಎಳೆ ಬೀಳುವ ಜಾಗದಲ್ಲಿ ಅದೂ ಇಲ್ಲ. ಭಾವ ಸುತ್ತಿಗೆ ತೆಗೆಯುವ ಮೊದಲೇ ಗೌರಿ ಮೂತಿಯಿಂದ ಒತ್ತಿದಳು. ಹಪ್ಪಳ ಮುರಿದ ಹಾಗೇ ಸದ್ದಾಯಿತು. ಕುಡಿದಳು, ಉಳಿದೆರಡು ಹಸುಗಳಿಗೆ ಜಾಗ ಬಿಟ್ಟಳು.

ನಾವು ತಿಂಡಿ ತಿನ್ನುತ್ತಿದ್ದಾಗ ಫೋನು ಬಂತು. ಹೆಣ್ಣುಮಗು. ಬೆಳಗಿನ ಜಾವ ಹುಟ್ಟಿತಂತೆ. ಮಗುವಿನ ಹೊಕ್ಕುಳಬಳ್ಳಿಯನ್ನು ಕತ್ತರಿಸಲು ಅಜ್ಜಿಯ ಕೈಗೇ ಕತ್ತರಿ ಕೊಟ್ಟರು ಎಂದು ಮಾರ್ತಾ ಎರಡೆರಡು ಸಲ ಹೇಳಿದರು. ಅಲ್ಲಿ ಹಾಗೂ ಉಂಟಂತೆ.

ಅಕ್ಕ ಹೊರಗೆ ಹೋದಳು. ಕಿಟಕಿಯಿಂದ ನೋಡಿದೆ. ಗೌರಿಯ ಹಣೆಗೆ ಹಣೆ ಇಟ್ಟು ಏನೋ ಹೇಳುತ್ತಿದ್ದಳು. ವಾಪಸ್ ಬಂದಾಗ ಕೇಳಿದೆ.

“ಥ್ಯಾಂಕ್ಸ್ ಅಂದೆ,” ಎಂದಳು. “ಇಲ್ಲಿ ಹಂಗೆ ಹೇಳೋದು ರೂಢಿ.”

ಮಂಗಳವಾರ

ಮಾರ್ತಾ ಬಂದವರು ಮನೆಯೊಳಗೆ ಹೋಗಲಿಲ್ಲ, ನಮ್ಮ ಹತ್ತಿರವೂ ಬರಲಿಲ್ಲ. ನೇರ ತೊಟ್ಟಿಯ ಹತ್ತಿರ ನಡೆದರು. ತೊಟ್ಟಿಯ ಹೊಟ್ಟೆಗೆ ಮೆತ್ತಿದ ಮಸಿ ನೋಡಿದರು. ಕೊರಕಲಿನವರೆಗೆ ಹೋಗಿ ಪೈಪಿಗೆ ತೊಡಿಸಿದ ಟೀ ಶರ್ಟುಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದರು. ಕೊನೆಗೆ ನಲ್ಲಿಯ ಮುಂದೆ ನಿಂತರು. ಕೆಂಪು ಬೊಟ್ಟು ಇಬ್ಬನಿಗೆ ಸ್ವಲ್ಪ ಇಳಿದಿತ್ತು. ಹೂವು ಬಾಡಿತ್ತು.

“ಇದು ಯಾಕೆ?” ಎಂದರು.

ಭಾವ ಗಂಗೆ, ಪೂಜೆ ಎಂದು ದೊಡ್ಡದಾಗಿ ಶುರು ಮಾಡಿದರು. ಅಕ್ಕ ತಡೆದಳು.

“ಯಾರೂ ನಿಲ್ಲಿಸದೆ ಇರಲಿ ಅಂತ,” ಎಂದಳು. “ನಮ್ಮವರು ಕುಂಕುಮ ಇಟ್ಟದ್ದನ್ನು ಮುಟ್ಟಲ್ಲ.”

ಮಾರ್ತಾ ಸುರಿಯುತ್ತಿದ್ದ ಎಳೆಗೆ ಬೆರಳೊಡ್ಡಿ ನೋಡಿದರು. ಅವರ ಬಾಯಿಂದ ಥ್ಯಾಂಕ್ ಯೂ ಬರುತ್ತದೆಂದು ಕಾಯುತ್ತಿದ್ದೆ. ಬರಲಿಲ್ಲ. ಅಕ್ಕನ ಎರಡೂ ಕೈ ಹಿಡಿದುಕೊಂಡರು, ಬಿಡಲಿಲ್ಲ. ಆಮೇಲೆ ಕಾರಿನಿಂದ ಮಗುವಿನ ಫೋಟೋ ತಂದು, ನಮಗಿಂತ ಮೊದಲು ಗೌರಿಗೆ ತೋರಿಸಿದರು.

ಹಾಸನ

ನಾನು ಜನವರಿಯಲ್ಲಿ ವಾಪಸ್ ಬಂದೆ. ಗೌರಿ ಹೆಣ್ಣುಕರು ಹಾಕಿದ ಸುದ್ದಿ ಅಕ್ಕನ ಫೋನಿನಲ್ಲಿ ಬಂತು. ಈಗ ಎರಡು ವರ್ಷವಾಯಿತು. ಆ ಟೀ ಶರ್ಟು ಹಂಚಿದ ಕಂಪನಿಗಳಲ್ಲಿ ಅರ್ಧ ಮುಚ್ಚಿದವು, ಗೌಡರೂ ಕೆಲಸ ಬದಲಿಸಿದರು ಎಂದು ಭಾವ ಹೇಳುತ್ತಾರೆ. ಟೀ ಶರ್ಟುಗಳು ಮಾತ್ರ ಇನ್ನೂ ಪೈಪಿನ ಮೇಲೆ ಕೆಲಸದಲ್ಲಿವೆಯಂತೆ.

ಮೊನ್ನೆ ನನ್ನ ಹೆಸರಿಗೆ ಮಾರ್ತಾರ ಕ್ರಿಸ್‌ಮಸ್ ಕಾರ್ಡು ಬಂತು. ಒಳಗೊಂದು ಫೋಟೋ. ಬೆಳ್ಳಗೆ ಇಬ್ಬನಿ ಕಟ್ಟಿದ ಹುಲ್ಲು, ಸಿಂಹಪಾದದ ತೊಟ್ಟಿ, ಮೂತಿಯಿಂದ ನೀರು ಸೋರುತ್ತಾ ನಿಂತ ಗೌರಿ. ತೊಟ್ಟಿಯ ಅಂಚು ಹಿಡಿದು ನಿಂತಿರುವ, ಉಣ್ಣೆಯ ಟೋಪಿಯ ಎರಡು ವರ್ಷದ ಪುಟ್ಟಿ. ನಲ್ಲಿಯಿಂದ ಸಣ್ಣ ಎಳೆ ಸುರಿಯುತ್ತಿದೆ. ನಲ್ಲಿಯ ತಲೆಯ ಮೇಲೆ ದುಂಡಗೆ, ಹೊಸದಾಗಿ ಇಟ್ಟ ಬೊಟ್ಟು. ಬಣ್ಣ ಕುಂಕುಮದ್ದಲ್ಲ, ಸ್ವಲ್ಪ ಗುಲಾಬಿ. ಫೋಟೋದ ಹಿಂದೆ ಮಾರ್ತಾ ಬರೆದಿದ್ದಾರೆ: ಚಳಿಗಾಲ ಶುರುವಾದ ದಿನ ಲಿಪ್‌ಸ್ಟಿಕ್ಕಿನಿಂದ ಇಟ್ಟೆ, ಇದು ಸರಿಯಾ ಎಂದು ನಿನ್ನ ಅಕ್ಕನನ್ನು ಕೇಳು.

ಕೇಳಿದೆ. ಸರಿ ಎಂದಳು.